ಕೂಲಿ ಬೇರೆ, ಬಾಡಿಗೆ ಬೇರೆ: ಬಂದರಿನ ಒಂದು ಸಂಘಕ್ಕೆ ಸ್ಪರ್ಧಾ ಕಾಯ್ದೆ ಎದುರಾದ ಪ್ರಕರಣ

ಹಿನ್ನೆಲೆ

ಸ್ಥಳ ಉತ್ತರ ಕನ್ನಡ ಕರಾವಳಿಯ ಒಂದು ಮೀನುಗಾರಿಕಾ ಬಂದರು. ಗುರುತು ಸಿಗದಿರಲೆಂದು ಹೆಸರುಗಳನ್ನು ಬಿಟ್ಟಿದೆ, ದರ ಮತ್ತು ಸಂಖ್ಯೆಗಳನ್ನು ಬದಲಿಸಿದೆ. ಒಂದಕ್ಕಿಂತ ಹೆಚ್ಚು ಕಡೆ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದೆ. ಕಾನೂನು ಮತ್ತು ತೀರ್ಪುಗಳ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ.

ಈ ಬಂದರಿನಲ್ಲಿ ವರ್ಷಕ್ಕೆ ಹತ್ತೇ ತಿಂಗಳ ದುಡಿಮೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಜೆಟ್ಟಿಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಬೋಟಿನಿಂದ ಮೀನು ಎತ್ತಿ ಹರಾಜು ಕಟ್ಟೆಗೆ ತರುವುದು, ಐಸ್ ಹಾಕಿ ಕ್ರೇಟ್ ತುಂಬುವುದು, ಗಾಡಿಗೆ ಏರಿಸುವುದು, ಇಷ್ಟೂ ಲೋಡಿಂಗ್ ಕಾರ್ಮಿಕರ ಕೆಲಸ. ಅಲ್ಲಿಂದ ಪಿಕಪ್ ಮತ್ತು ಲಾರಿಗಳಲ್ಲಿ ಸರಕು ಮಡಗಾಂವ್, ಹುಬ್ಬಳ್ಳಿ, ಮಂಗಳೂರು ಕಡೆಗೆ ಹೋಗುತ್ತದೆ.

ಸಂಘ ಹುಟ್ಟಿದ್ದು ಲೋಡಿಂಗ್‌ನವರಿಂದಲೇ, 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ನೋಂದಣಿಯೂ ಆಗಿತ್ತು. ಆಮೇಲೆ ಸಂಬಳದ ಚಾಲಕರು ಮತ್ತು ಕ್ಲೀನರ್‌ಗಳು ಸೇರಿದರು. ಒಂದು ಮುಷ್ಕರದ ಹೊತ್ತಿನಲ್ಲಿ ಸ್ವಂತ ಗಾಡಿಯವರು ಕೈಜೋಡಿಸಿದ್ದರು. ಆ ಋಣಕ್ಕೆ ಬೈಲಾದಲ್ಲಿ ‘ಬಂದರಿನಲ್ಲಿ ದುಡಿಯುವ ಎಲ್ಲರೂ’ ಎಂದು ತಿದ್ದಿ ಅವರನ್ನೂ ಒಳಗೆ ತೆಗೆದುಕೊಳ್ಳಲಾಯಿತು. ಪ್ರಕರಣದ ಹೊತ್ತಿಗೆ ಇದ್ದ 214 ಸದಸ್ಯರಲ್ಲಿ 118 ಮಂದಿ ಲೋಡಿಂಗ್, 46 ಮಂದಿ ಸಂಬಳದ ಚಾಲಕರು ಮತ್ತು ಕ್ಲೀನರ್‌ಗಳು, 50 ಮಂದಿ ಗಾಡಿ ಮಾಲೀಕರು. ಮಾಲೀಕರಲ್ಲಿ 41 ಮಂದಿಗೆ ಒಂದೇ ಗಾಡಿ, ಅದನ್ನು ಓಡಿಸುವವರೂ ಅವರೇ. ಉಳಿದ 9 ಮಂದಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು. ಪದಾಧಿಕಾರಿಗಳಲ್ಲಿ ಒಬ್ಬರಿಗೆ ಐದು ಗಾಡಿ ಇದ್ದವು. ಸಂಘದ ಬೋರ್ಡು ಕಾರ್ಮಿಕರದ್ದು, ಆದರೆ ಸಭೆಯಲ್ಲಿ ಹೆಚ್ಚು ಮಾತಾಡುತ್ತಿದ್ದವರು ಗಾಡಿಯವರು. ಮುಂದೆ ಆದ ಅನಾಹುತಕ್ಕೆ ಬೀಜ ಬಿದ್ದದ್ದು ಇಲ್ಲೇ.

ಸಮಸ್ಯೆ

ಸೆಪ್ಟೆಂಬರಿನ ಒಂದು ಬೆಳಗ್ಗೆ ಹೊರ ತಾಲ್ಲೂಕಿನ ಖರೀದಿದಾರರೊಬ್ಬರು ಹರಾಜಿನಲ್ಲಿ ಬಂಗಡೆ ಹಿಡಿದರು. ಸಾಗಿಸಲು ತಮ್ಮದೇ ಎರಡು ಇನ್ಸುಲೇಟೆಡ್ ಗಾಡಿ ತಂದಿದ್ದರು. ಸುಮಾರು 35 ಕಿಲೋ ತೂಗುವ 80 ಕ್ರೇಟ್‌ಗಳನ್ನು ಏರಿಸಬೇಕಿತ್ತು. ಲೋಡಿಂಗ್‌ನವರು ಮುಟ್ಟಲಿಲ್ಲ. ‘ಹೊರಗಿನ ಗಾಡಿಗೆ ಲೋಡಿಲ್ಲ, ಸಂಘದ ಪಾಳಿಯಲ್ಲಿ ಮುಂದಿರುವ ಗಾಡಿಗಾದರೆ ಹಾಕುತ್ತೇವೆ’ ಎಂದರು. ಅವರು ಹೆಚ್ಚು ಕೂಲಿ ಕೇಳಲಿಲ್ಲ. ಖರೀದಿದಾರರು ಸಂಘದ ಕೂಲಿ ದರ ಕೊಡಲು ಒಪ್ಪಿಯೇ ಇದ್ದರು. ಈ ಸಣ್ಣ ವಿವರವನ್ನು ನೆನಪಿಡಬೇಕು, ಪ್ರಕರಣ ನಿಂತಿದ್ದೇ ಇದರ ಮೇಲೆ.

ಬಂಗಡೆಗೆ ಕಾಯುವ ಗುಣವಿಲ್ಲ. ದೂರದ ಸಾಗಣೆಗೆ ಮೀನಿನಷ್ಟೇ ತೂಕದ ಐಸ್ ಬೇಕು, ಬಿಸಿಲಲ್ಲಿ ನಿಂತರೆ ಐಸ್ ಕರಗುತ್ತದೆ, ಮೀನಿನಲ್ಲಿ ಹಿಸ್ಟಮಿನ್ ಎಂಬ ಹಾನಿಕಾರಕ ಅಂಶ ಏರುತ್ತದೆ. ಮತ್ತೆ ಎಷ್ಟೇ ಐಸ್ ಸುರಿದರೂ ಏರಿದ್ದು ಇಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಸರಕು ಫಿಶ್‌ಮೀಲ್ ಕಾರ್ಖಾನೆಯ ದರಕ್ಕೆ ಹೋಯಿತು. ಬಂದರಿನಲ್ಲಿ ನಾಲ್ಕು ತಾಸಿನ ಅಸಹಕಾರಕ್ಕೂ ಸಿಮೆಂಟ್ ಗೋದಾಮಿನಲ್ಲಿ ನಾಲ್ಕು ದಿನದ ಅಸಹಕಾರಕ್ಕೂ ಬಲ ಒಂದೇ. ಹೀಗಾಗಿ ಇಲ್ಲಿ ಯಾರೂ ಹೊಡೆದಾಡದೆ, ಕೈಕಟ್ಟಿ ನಿಂತೇ ಮಾರುಕಟ್ಟೆಯ ಬಾಗಿಲು ಹಾಕಿಬಿಡಬಹುದು.

ಹತ್ತು ದಿನದಲ್ಲಿ ವಕೀಲರ ನೋಟಿಸ್ ಬಂತು. ನಷ್ಟ ಪರಿಹಾರದ ಜೊತೆಗೆ ಅದರಲ್ಲಿ 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3(3)(ಎ) ಮತ್ತು 3(3)(ಬಿ) ಉಲ್ಲೇಖವಿತ್ತು. ಒಂದೇ ಬಗೆಯ ವ್ಯಾಪಾರ ಅಥವಾ ಸೇವೆಯಲ್ಲಿರುವವರು ಸೇರಿ ದರ ನಿಗದಿ ಮಾಡುವುದು ಮೊದಲನೆಯದು, ಪೂರೈಕೆ ಅಥವಾ ಮಾರುಕಟ್ಟೆಯನ್ನು ಹತ್ತಿಕ್ಕುವುದು ಎರಡನೆಯದು. ಇವುಗಳಲ್ಲಿ ಸ್ಪರ್ಧೆಗೆ ಹಾನಿಯಾಗಿದೆ ಎಂದು ಕಾನೂನೇ ಭಾವಿಸಿಕೊಳ್ಳುತ್ತದೆ, ಹಾನಿಯಾಗಿಲ್ಲ ಎಂದು ತೋರಿಸುವ ಹೊರೆ ಸಂಘದ ಮೇಲೆ.

ಮೊದಲ ಉತ್ತರ, ಅದು ಏಕೆ ನಿಲ್ಲಲಿಲ್ಲ

ಸಂಘ ಬರೆದ ಮೊದಲ ಕರಡು ಒಂದೇ ಪುಟದ್ದು. ‘ನಾವು ನೋಂದಾಯಿತ ಕಾರ್ಮಿಕ ಸಂಘ. 1926ರ ಕಾಯ್ದೆಯ ಸೆಕ್ಷನ್ 17, 18, 19 ನಮಗೆ ರಕ್ಷಣೆ ಕೊಟ್ಟಿವೆ. ಸ್ಪರ್ಧಾ ಕಾಯ್ದೆ ಕಂಪನಿಗಳಿಗೆ, ನಮಗಲ್ಲ.’ ಇದನ್ನು ಕಳಿಸುವ ಮುನ್ನ ಕಾರ್ಮಿಕ ಕಾನೂನು ಬಲ್ಲ ಸಲಹೆಗಾರರೊಬ್ಬರಿಗೆ ತೋರಿಸಿದ್ದು ಸಂಘ ಮಾಡಿದ ಮೊದಲ ಒಳ್ಳೆಯ ಕೆಲಸ. ಅವರು ಕರಡನ್ನು ತಡೆದರು.

ತಡೆಯಲು ಕಾರಣಗಳಿದ್ದವು. ಸೆಕ್ಷನ್ 17 ಕ್ರಿಮಿನಲ್ ಒಳಸಂಚಿನ ಆರೋಪದಿಂದ ಕಾಪಾಡುತ್ತಿತ್ತು. ಸೆಕ್ಷನ್ 18 ಸಿವಿಲ್ ದಾವೆಯಿಂದ ಕಾಪಾಡುತ್ತಿತ್ತು, ಆದರೆ ಕೃತ್ಯ ಔದ್ಯೋಗಿಕ ವಿವಾದಕ್ಕೆ ಸಂಬಂಧಿಸಿರಬೇಕಿತ್ತು. ಅಂದರೆ ಕೆಲಸ, ಕೂಲಿ, ದುಡಿಮೆಯ ಷರತ್ತುಗಳ ವಿವಾದ. ಮಡಗಾಂವ್‌ಗೆ ಪಿಕಪ್ ಬಾಡಿಗೆ ಎಷ್ಟು ಎಂಬುದು ಗಾಡಿ ಮಾಲೀಕ ಮತ್ತು ಗಿರಾಕಿಯ ನಡುವಿನ ವ್ಯವಹಾರ, ಔದ್ಯೋಗಿಕ ವಿವಾದವಲ್ಲ. ಸೆಕ್ಷನ್ 19, ವ್ಯಾಪಾರಕ್ಕೆ ಅಡ್ಡಿ ಎಂಬ ಒಂದೇ ಕಾರಣಕ್ಕೆ ಸದಸ್ಯರ ನಡುವಿನ ಒಪ್ಪಂದ ಅಸಿಂಧುವಾಗದು ಎನ್ನುತ್ತಿತ್ತು, ನಿಜ. ಆದರೆ 1926ರಲ್ಲಿ ಸ್ಪರ್ಧಾ ಕಾಯ್ದೆ ಎಂಬುದೇ ಇರಲಿಲ್ಲ. 2002ರ ಕಾಯ್ದೆಯ ಸೆಕ್ಷನ್ 60, ಬೇರೆ ಕಾನೂನಿನಲ್ಲಿ ತನಗೆ ವಿರುದ್ಧವಾಗಿ ಏನಿದ್ದರೂ ತನ್ನದೇ ನಡೆಯುತ್ತದೆ ಎಂದು ಹೇಳುತ್ತದೆ.

ಇನ್ನೊಂದು ಅಂಶ ಹಳಬರಿಗೆ ನೆನಪಿರಬಹುದು. 1969ರ ಎಂಆರ್‌ಟಿಪಿ (ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ) ಕಾಯ್ದೆಯಲ್ಲಿ ಕಾರ್ಮಿಕ ಸಂಘಗಳಿಗೆ ನೇರ ವಿನಾಯಿತಿ ಇತ್ತು. ಕಾರ್ಮಿಕರು ತಮ್ಮ ನ್ಯಾಯವಾದ ರಕ್ಷಣೆಗೆ ಕಟ್ಟಿಕೊಂಡ ಸಂಘಕ್ಕೆ ಆ ಕಾಯ್ದೆ ಅನ್ವಯಿಸದು ಎಂದು ಸೆಕ್ಷನ್ 3 ಬಿಡಿಸಿ ಹೇಳಿತ್ತು. ಅದರ ಜಾಗಕ್ಕೆ ಬಂದ ಸ್ಪರ್ಧಾ ಕಾಯ್ದೆಯಲ್ಲಿ ಅಂಥ ವಾಕ್ಯವಿಲ್ಲ. ಅಮೆರಿಕದಲ್ಲಿ 1914ರ ಕ್ಲೇಟನ್ ಕಾಯ್ದೆ ‘ಮನುಷ್ಯನ ದುಡಿಮೆ ಮಾರಾಟದ ಸರಕಲ್ಲ’ ಎಂದು ಬರೆದಿಟ್ಟಿದೆ. ನಮ್ಮಲ್ಲಿ ಅದೇ ಫಲ ಬೇಕಾದರೆ ಕಾಯ್ದೆಯ ಹಿಡಿತಕ್ಕೆ ಬರುವ ‘ಉದ್ಯಮ’ (ವ್ಯಾಪಾರ ಚಟುವಟಿಕೆ ನಡೆಸುವವರು) ಎಂಬುದರ ವ್ಯಾಖ್ಯೆಯ ಮೂಲಕ, ಸುತ್ತಿ ಬಳಸಿ ತಲುಪಬೇಕು. ಶಾಸನದ ಈ ಮೌನ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ, ಆದರೆ ಅಭಿಪ್ರಾಯವನ್ನು ನೋಟಿಸಿಗೆ ಉತ್ತರವಾಗಿ ಕಳಿಸಲಾಗದು.

ನ್ಯಾಯಾಲಯಗಳು ಹಾಕಿದ ಗೆರೆ

ಸಲಹೆಗಾರರು ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟ ಮೊದಲ ತೀರ್ಪು ಸುಪ್ರೀಂ ಕೋರ್ಟಿನದು, 2017ರ ಮಾರ್ಚ್ 7ರದ್ದು. ಪಶ್ಚಿಮ ಬಂಗಾಳದಲ್ಲಿ ಹಿಂದಿ ಮಹಾಭಾರತ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿ ಪ್ರಸಾರ ಮಾಡುವುದನ್ನು ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ವಿರೋಧಿಸಿತ್ತು. ಸಮಿತಿ ಕಾರ್ಮಿಕ ಸಂಘಟನೆ, ಆದ್ದರಿಂದ ಸೆಕ್ಷನ್ 3 ಅನ್ವಯಿಸದು ಎಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಂದು ಸಂಸ್ಥೆ ಉದ್ಯಮವೋ ಅಲ್ಲವೋ ಎಂಬುದನ್ನು ಅದರ ರೂಪ ನೋಡಿ ಅಲ್ಲ, ಆಯಾ ಚಟುವಟಿಕೆ ನೋಡಿ ತೀರ್ಮಾನಿಸಬೇಕು. ಅದೇ ಸಂಸ್ಥೆ ಒಂದು ಕೆಲಸದಲ್ಲಿ ಉದ್ಯಮ ಆಗಬಹುದು, ಇನ್ನೊಂದರಲ್ಲಿ ಆಗದಿರಬಹುದು ಎಂದಿತು. ಈ ಮಾತು ನಮ್ಮ ಬಂದರಿನ ಸಂಘಕ್ಕೆ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು.

ಡಬ್ಬಿಂಗ್ ವಿಷಯ ಕನ್ನಡಿಗರಿಗೆ ಹೊಸದಲ್ಲ. ಇದೇ ಬಗೆಯ ತಡೆಗಾಗಿ, ಈ ಕಾಯ್ದೆಯನ್ನು ಜಾರಿ ಮಾಡುವ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತ್ತು. ಕೇರಳದಲ್ಲಿ ಒಬ್ಬ ನಿರ್ದೇಶಕರ ಜೊತೆ ಕೆಲಸ ಮಾಡದಂತೆ ತಡೆದದ್ದಕ್ಕೆ 2017ರಲ್ಲಿ ಕಲಾವಿದರ ಸಂಘ ಮತ್ತು ಸಿನಿಮಾ ಕೆಲಸಗಾರರ ಫೆಫ್ಕಾ ಒಕ್ಕೂಟಕ್ಕಷ್ಟೇ ಅಲ್ಲ, ಪದಾಧಿಕಾರಿಗಳಿಗೂ ವೈಯಕ್ತಿಕವಾಗಿ ದಂಡ ಬಿತ್ತು. ‘ನಾವು ಕಾರ್ಮಿಕ ಸಂಘ’ ಎಂಬ ವಾದ ಅಲ್ಲೂ ನಡೆಯಲಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿತು. ಈ ಸಾಲು ಓದಿದಾಗ ಐದು ಗಾಡಿಯ ಪದಾಧಿಕಾರಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದರಂತೆ.

ಸಿನಿಮಾಕ್ಕಿಂತ ಹತ್ತಿರದ್ದು ಕೊಚ್ಚಿ ಬಂದರಿನ ಪ್ರಕರಣ. ಅಲ್ಲಿ ಕಂಟೇನರ್ ಟ್ರೈಲರ್ ಮಾಲೀಕರ ಸಂಘಟನೆಗಳು ಸೇರಿ ಪಾಳಿ ಪದ್ಧತಿ ತಂದಿದ್ದವು. ಗಿರಾಕಿ ಗಾಡಿ ಆರಿಸುವಂತಿಲ್ಲ, ಪಾಳಿಯಲ್ಲಿ ಬಂದದ್ದನ್ನು ನಿಗದಿತ ದರಕ್ಕೆ ತೆಗೆದುಕೊಳ್ಳಬೇಕು. 2017ರ ಆಗಸ್ಟಿನಲ್ಲಿ ಆಯೋಗ ಇದು ಸೆಕ್ಷನ್ 3ರ ಉಲ್ಲಂಘನೆ ಎಂದು ತೀರ್ಮಾನಿಸಿತು. ಒಡಿಶಾದ ಪಾರಾದೀಪ್ ಬಂದರಿನ ಡಂಪರ್ ಮಾಲೀಕರ ಸಂಘ, ಪಂಜಾಬಿನ ಕಿರತ್‌ಪುರ ಸಾಹಿಬ್‌ನ ಲಾರಿ ಸಹಕಾರ ಸಂಘ, ಇವುಗಳ ವಿರುದ್ಧವೂ 2015ರಲ್ಲಿ ಆದೇಶಗಳಾಗಿವೆ. ಕಿರತ್‌ಪುರದ್ದು ಸಹಕಾರ ಸಂಘವೆಂಬುದು ಗಮನಿಸಬೇಕಾದ್ದು. ‘ಹಾಗಾದರೆ ಸೊಸೈಟಿ ಮಾಡಿಕೊಂಡರಾಯಿತು’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೊಡುತ್ತಾರೆ. ಬೋರ್ಡು ಬದಲಿಸಿದರೆ ಸಾಲದು.

ಠರಾವು ಪುಸ್ತಕದ ಶೋಧ

ಸಲಹೆಗಾರರು ಕೇಳಿದ್ದು ಎರಡು ವರ್ಷದ ಠರಾವು ಪುಸ್ತಕ. ಕೊಡುವಾಗಲೇ ಒಬ್ಬರು ‘ಎರಡು ಪುಟ ಹರಿದುಬಿಡೋಣವೇ’ ಎಂದರು. ಇದು ಅತಿ ಅಪಾಯದ ಯೋಚನೆ. ತನಿಖೆಯಲ್ಲಿ ಒಪ್ಪಿಸಬೇಕಾದ ದಾಖಲೆ ತಿದ್ದುವುದು, ಮುಚ್ಚಿಡುವುದು, ನಾಶ ಮಾಡುವುದು ಸೆಕ್ಷನ್ 45ರಡಿ ಬೇರೆಯದೇ ದಂಡಕ್ಕೆ ದಾರಿ. ಮೂಲ ತಪ್ಪು ಸಣ್ಣದಿದ್ದರೂ ಹರಿದ ಪುಟ ಅದನ್ನು ದೊಡ್ಡದು ಮಾಡುತ್ತದೆ. ಪುಸ್ತಕಕ್ಕೆ ಪುಟಸಂಖ್ಯೆ ಹಾಕಿ, ಝೆರಾಕ್ಸ್ ತೆಗೆದು, ಮೂಲವನ್ನು ಕಾರ್ಯದರ್ಶಿಯ ಕಪಾಟಿನಲ್ಲಿ ಇಡಲಾಯಿತು.

ನಂತರ ಪ್ರತಿ ಠರಾವಿಗೂ ಒಂದೇ ಪ್ರಶ್ನೆ: ಇದರಲ್ಲಿ ಮಾರಾಟವಾಗುತ್ತಿರುವುದು ಯಾರ ಏನು? ಕೂಲಿಯಾಳಿನ ಮೈ ದುಡಿಮೆಯೋ, ಗಾಡಿಯ ಸೇವೆಯೋ?

ಕ್ರೇಟಿಗೆ ₹9 ಇದ್ದ ಲೋಡಿಂಗ್ ಕೂಲಿಯನ್ನು ₹12 ಮಾಡಬೇಕು, ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಕೂಲಿ ಕೊಡದಿದ್ದರೆ ಕೆಲಸ ನಿಲ್ಲಿಸುವುದು, ಸಂಬಳದ ಚಾಲಕರಿಗೆ ಟ್ರಿಪ್ಪಿನ ಬಾಟಾ ಹೆಚ್ಚಳ, ಇವೆಲ್ಲ ಮೊದಲ ರಾಶಿ. ಇವು ಸಾಮೂಹಿಕ ಚೌಕಾಶಿ, ಸಂಘದ ಹೃದಯ. ಇಲ್ಲಿ ಹಿಂಜರಿಯಬೇಕಿಲ್ಲ.

ಎರಡನೇ ರಾಶಿ ಗಾಡಿಯದ್ದು. ಮಡಗಾಂವ್‌ಗೆ ಪಿಕಪ್ ಬಾಡಿಗೆ ₹4,200ರಿಂದ ₹5,000ಕ್ಕೆ ಏರಿಕೆ, ಅದಕ್ಕಿಂತ ಕಡಿಮೆಗೆ ಹೋದವರಿಗೆ ಮೂರು ಪಾಳಿ ಕಟ್. ಗಿರಾಕಿ ಗಾಡಿ ಆರಿಸುವಂತಿಲ್ಲ. ಒಂದು ವರ್ಷ ಹೊಸ ಗಾಡಿಗೆ ಸದಸ್ಯತ್ವವಿಲ್ಲ, ಆಮೇಲೆ ₹25,000 ಪ್ರವೇಶ ಶುಲ್ಕ. ಇವನ್ನು ಸಮರ್ಥಿಸಲು ಸಲಹೆಗಾರರ ಬಳಿ ಒಂದು ವಾದವೂ ಇರಲಿಲ್ಲ. ಜೊತೆಗೆ, ಹೊರಗಿನ ಪ್ರತಿ ಗಾಡಿಯಿಂದ ₹500 ‘ಸಂಘ ನಿಧಿ’ ವಸೂಲಿಯ ಠರಾವಿತ್ತು. ಅದರಲ್ಲಿ ಸ್ಪರ್ಧಾ ಕಾಯ್ದೆಗಿಂತ ಮೊದಲು ಸುಲಿಗೆಯ ಪೊಲೀಸ್ ದೂರು ಬರಬಹುದಿತ್ತು. ಅದನ್ನು ಅಂದೇ ನಿಲ್ಲಿಸಿದರು.

ಮೂರನೇ ರಾಶಿಯಲ್ಲಿ ಎರಡೇ ಠರಾವು, ಆದರೆ ನಿಜವಾದ ಕಗ್ಗಂಟು ಅಲ್ಲಿತ್ತು. ಒಂದು, ಲೋಡಿಂಗ್‌ನವರು ಹೊರಗಿನ ಗಾಡಿಗೆ ಲೋಡು ಹಾಕಬಾರದು. ನೋಡಲು ಇದು ಕಾರ್ಮಿಕರು ಕೆಲಸ ನಿರಾಕರಿಸುವ ಹಕ್ಕು. ಆದರೆ ಆ ನಿರಾಕರಣೆಯಿಂದ ಲೋಡಿಂಗ್‌ನವನಿಗೆ ಒಂದು ರೂಪಾಯಿ ಹೆಚ್ಚು ಸಿಗುತ್ತಿರಲಿಲ್ಲ, ಬದಲಿಗೆ ಆ ದಿನದ ಕೂಲಿಯೇ ಹೋಗುತ್ತಿತ್ತು. ಲಾಭವೆಲ್ಲ ಗಾಡಿ ಮಾಲೀಕನಿಗೆ. ಕಾರ್ಮಿಕರ ಬಲವನ್ನು ಮಾಲೀಕರ ಮಾರುಕಟ್ಟೆಗೆ ಬೇಲಿಯಾಗಿ ಬಳಸಿದ ಠರಾವು ಅದು.

ಎರಡನೆಯದು ಸ್ಥಳೀಯ ಖರೀದಿದಾರರ ಸಂಘದ ಜೊತೆಗಿನ ಒಡಂಬಡಿಕೆ. ಅವರು ಸಂಘದ ಗಾಡಿಯನ್ನೇ ಹಿಡಿಯಬೇಕು, ಪ್ರತಿಯಾಗಿ ಅವರ ಸದಸ್ಯರಲ್ಲದ ಖರೀದಿದಾರರಿಗೆ ಸಂಘ ಲೋಡು ಹಾಕಬಾರದು. ಅಮೆರಿಕದ ಸುಪ್ರೀಂ ಕೋರ್ಟ್ 1945ರಲ್ಲಿ ಅಲೆನ್ ಬ್ರಾಡ್ಲಿ ಪ್ರಕರಣದಲ್ಲಿ ಇದೇ ರಚನೆಯನ್ನು ಕಂಡಿತ್ತು. ನ್ಯೂಯಾರ್ಕಿನ ವಿದ್ಯುತ್ ಕಾರ್ಮಿಕರ ಸಂಘ, ಸ್ಥಳೀಯ ತಯಾರಕರು ಮತ್ತು ಗುತ್ತಿಗೆದಾರರು ಸೇರಿ ಹೊರಗಿನ ಸರಕನ್ನು ನಗರದೊಳಗೆ ಬಿಡದಂತೆ ಮಾಡಿದ್ದರು. ಸಂಘ ಒಂಟಿಯಾಗಿ ತನ್ನ ಹಿತಕ್ಕೆ ಮಾಡಿದರೆ ರಕ್ಷಣೆ ಉಂಟು, ವ್ಯಾಪಾರಿಗಳ ಜೊತೆ ಸೇರಿ ಮಾರುಕಟ್ಟೆ ಕಟ್ಟಿಹಾಕಿದರೆ ಇಲ್ಲ ಎಂಬುದು ಅಲ್ಲಿನ ತೀರ್ಮಾನ. ಆ ತೀರ್ಪು ನಮ್ಮ ಆಯೋಗವನ್ನು ಕಟ್ಟಿಹಾಕುವುದಿಲ್ಲ, ಆದರೆ ಯೋಚನೆಯ ದಾರಿ ಅದೇ.

‘ನಮ್ಮ ಸದಸ್ಯರನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಬೇಕು’ ಎಂಬ ಬೈಲಾದ ಸಾಲನ್ನು ಸಲಹೆಗಾರರು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟರು. ಮುಂಬಯಿಯ ಸಿನಿಮಾ ಕಾರ್ಮಿಕರ ಒಕ್ಕೂಟದ ಪ್ರಕರಣದಲ್ಲಿ 2017ರಲ್ಲಿ ಆಯೋಗ ಇಂಥ ಷರತ್ತುಗಳನ್ನು ತಪ್ಪೆಂದಿದೆ. ದಿನಗೂಲಿಯ ಲೋಡಿಂಗ್‌ನವರಿಗೆ ಅದೇ ಅಳತೆ ಬೀಳುತ್ತದೆಯೇ ಎಂಬುದು ವಾದಕ್ಕೆ ತೆರೆದ ವಿಷಯ. ಸಂಘ ಆ ಸಾಲನ್ನು ‘ಆದ್ಯತೆ’ ಎಂದು ಮೆದುಗೊಳಿಸಿತು.

ಏನು ಮಾಡಿದರು, ಎಲ್ಲಿ ಎಡವಿದರು

ಮೊದಲ ತೀರ್ಮಾನ ಅರ್ಧಂಬರ್ಧ. ಸಮಿತಿ ಎರಡನೇ ಮತ್ತು ಮೂರನೇ ರಾಶಿಯ ಠರಾವುಗಳನ್ನು ಬರಹದಲ್ಲಿ ರದ್ದು ಮಾಡಿತು. ಅದೇ ರಾತ್ರಿ ಗಾಡಿಯವರ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹೋಯಿತು: ‘ಕಾಗದದಲ್ಲಿ ಬೇಡ, ಬಾಯಲ್ಲಿ ಹಾಗೇ ಇರ್ಲಿ.’ ಕಾಯ್ದೆಯ ಸೆಕ್ಷನ್ 2(ಬಿ) ಪ್ರಕಾರ ಒಪ್ಪಂದ ಎಂದರೆ ಲಿಖಿತವೇ ಆಗಬೇಕಿಲ್ಲ. ತಿಳಿವಳಿಕೆ, ಹೊಂದಾಣಿಕೆ, ಒಟ್ಟಾಗಿ ನಡೆದುಕೊಳ್ಳುವುದು, ಎಲ್ಲವೂ ಸೇರುತ್ತದೆ. ಹಳೆಯ ಠರಾವನ್ನು ‘ಕಾನೂನು ತಿಳಿಯದೆ ಮಾಡಿದ್ದು’ ಎನ್ನಬಹುದಿತ್ತು. ಈ ಸಂದೇಶ ಆ ಸಮಜಾಯಿಷಿಯನ್ನೂ ಕಿತ್ತುಕೊಂಡಿತು.

ಅದು ಹೊರಬಿದ್ದದ್ದು ಒಳಗಿನಿಂದಲೇ. ಒಂದು ಗಾಡಿಯ ಯುವಕನೊಬ್ಬ ಸಲಹೆಗಾರರ ಬಳಿ ಬಂದು, ಕಾರ್ಟೆಲ್ಲಿನ (ದರ ಕಟ್ಟಲು ವ್ಯಾಪಾರಿಗಳು ಮಾಡಿಕೊಂಡ ಕೂಟದ) ಬಗ್ಗೆ ಮೊದಲು ಆಯೋಗಕ್ಕೆ ತಿಳಿಸಿದವರಿಗೆ ದಂಡದಲ್ಲಿ ರಿಯಾಯಿತಿ ಇದೆಯಂತೆ, ನಿಜವೇ ಎಂದು ಕೇಳಿದ. ನಿಜ, ಸೆಕ್ಷನ್ 46 ಅದಕ್ಕಾಗಿಯೇ ಇದೆ. ಐವತ್ತು ಮಂದಿಯ ಗುಟ್ಟಿನಲ್ಲಿ ಐವತ್ತು ಬಾಗಿಲು. ಸಂಬಂಧಪಟ್ಟವರಿಗೆ ಈ ಪ್ರಶ್ನೆ ತಲುಪಿದ ಮೇಲೆ ಬಾಯಿಮಾತಿನ ಪಾಳಿ ಎರಡು ದಿನದಲ್ಲಿ ನಿಂತಿತು. ದಂಡದ ಲೆಕ್ಕವೂ ಆಗ ಮನಸ್ಸಿಗೆ ಬಂತು: ಸಾಮಾನ್ಯವಾಗಿ ಮೂರು ವರ್ಷದ ಸರಾಸರಿ ವಹಿವಾಟಿನ ಶೇ. 10ರವರೆಗೆ, ಕಾರ್ಟೆಲ್ ಆದರೆ ಅದು ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಯಾವುದು ಹೆಚ್ಚೋ ಅದರವರೆಗೆ.

ನಿಜವಾದ ತಿರುವು ಲೋಡಿಂಗ್‌ನವರ ಪ್ರತ್ಯೇಕ ಸಭೆ. ಹರಾಜು ಕಟ್ಟೆಯ ಮೇಲೆ, ಗಾಡಿಯವರಿಲ್ಲದೆ ಕರೆದ ಮೊದಲ ಸಭೆ ಅದು. ಹೊರಗಿನ ಗಾಡಿಗೆ ಲೋಡು ನಿರಾಕರಿಸಿದ ದಿನಗಳಲ್ಲಿ ಕೈತಪ್ಪಿದ ಕೂಲಿಯನ್ನು ಕಾರ್ಯದರ್ಶಿ ಓದಿ ಹೇಳಿದರು. 80 ಕ್ರೇಟಿಗೆ ₹9ರಂತೆ ಆ ಒಂದು ಬೆಳಗ್ಗೆಯೇ ₹720. ಹಿರಿಯ ಲೋಡಿಂಗ್ ಮಹಿಳೆಯೊಬ್ಬರು ಎದ್ದು, ‘ನಾವು ಸಂಘಕ್ಕೆ ಬಂದದ್ದು ಕೂಲಿ ಕೇಳೂಕೆ, ಅವ್ರ ಗಾಡಿ ಕಾಯೂಕಲ್ಲ’ ಎಂದರು. ಕೈ ಎತ್ತಿಸಿದಾಗ ಎದುರು ಹೋದವರು ಬೆರಳೆಣಿಕೆ. ಇಷ್ಟು ದಿನ ಈ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಟ್ಟೇ ಇರಲಿಲ್ಲ.

ಆ ಸಭೆಯ ನಂತರ ಸಂಘ ಎರಡಾಯಿತು. ಬೈಲಾ ತಿದ್ದಿ ಸದಸ್ಯತ್ವವನ್ನು ಲೋಡಿಂಗ್‌ನವರು, ಸಂಬಳದ ಚಾಲಕರು ಮತ್ತು ಕ್ಲೀನರ್‌ಗಳಿಗೆ ಸೀಮಿತ ಮಾಡಲಾಯಿತು. ಗಾಡಿ ಮಾಲೀಕರು ತಮ್ಮದೇ ಒಂದು ಕ್ಷೇಮಾಭಿವೃದ್ಧಿ ಸಂಘ ಮಾಡಿಕೊಂಡರು: ವಿಮೆ, ಪಾರ್ಕಿಂಗ್ ಜಾಗ, ಶೌಚಾಲಯ, ಆರ್‌ಟಿಒ ವ್ಯವಹಾರ, ಅಪಘಾತ ನಿಧಿ ಅದರ ಕೆಲಸ. ಬಾಡಿಗೆ ವಿಷಯ ಅದರ ಅಜೆಂಡಾದಲ್ಲಿ ಬರುವಂತಿಲ್ಲ. ಪಾರ್ಕಿಂಗ್‌ನಲ್ಲಿ ಸಾಲಾಗಿ ನಿಲ್ಲುವ ಶಿಸ್ತು ಉಳಿಯಿತು. ಸಾಲಿನ ಯಾವ ಗಾಡಿಯನ್ನಾದರೂ, ಸಾಲಿನ ಹೊರಗಿನದನ್ನಾದರೂ ಹಿಡಿಯುವ ಸ್ವಾತಂತ್ರ್ಯ ಗಿರಾಕಿಗೆ ಬಂತು.

ಬಾಡಿಗೆ ಕುಸಿಯುವ ಭಯ ಸುಳ್ಳಲ್ಲ. ಅದಕ್ಕೆ ಎರಡು ದಾರಿ ಹುಡುಕಿದರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 67ರಡಿ ಸರಕು ವಾಹನಗಳ ಕನಿಷ್ಠ, ಗರಿಷ್ಠ ದರ ನಿಗದಿಗೆ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ಆಟೋ ಮೀಟರ್ ದರವನ್ನು ಪ್ರಾಧಿಕಾರ ನಿಗದಿ ಮಾಡುವುದನ್ನು ನಾವು ನೋಡಿದ್ದೇವೆ. ಹಾಗೆ ಮಾಡಿ ಎಂದು ಎಲ್ಲರೂ ಸೇರಿ ಮನವಿ ಕೊಡುವುದು ಕಾರ್ಟೆಲ್ ಅಲ್ಲ. ಡೀಸೆಲ್, ಟೈರು, ಕಂತು, ಖಾಲಿ ವಾಪಸಾತಿ ಎಲ್ಲ ಹಾಕಿದ ವೆಚ್ಚದ ಪಟ್ಟಿ ಜೊತೆಗೆ ಮನವಿ ಹೋಯಿತು. ಪಟ್ಟಿಯ ಕೊನೆಗೆ ‘ಆದ್ದರಿಂದ ಎಲ್ಲರೂ ಇಷ್ಟು ತೆಗೆದುಕೊಳ್ಳಿ’ ಎಂಬ ಸಾಲನ್ನು ಸಲಹೆಗಾರರು ಹೊಡೆದುಹಾಕಿದರು. ವೆಚ್ಚ ತಿಳಿಸುವುದು ಬೇರೆ, ದರ ಹೇಳುವುದು ಬೇರೆ.

ಇನ್ನೊಂದು ದಾರಿಯಲ್ಲಿ ಒಂದೊಂದೇ ಗಾಡಿಯಿದ್ದ ಹನ್ನೆರಡು ಮಂದಿ ಸೇರಿ ಬುಕಿಂಗ್ ಆಫೀಸು ತೆರೆದರು. ಒಂದೇ ಬಿಲ್ಲು, ಒಂದೇ ಖಾತೆ, ಕೆಟ್ಟು ನಿಂತ ಗಾಡಿಯ ನಷ್ಟ ಎಲ್ಲರದ್ದು, ವಾಪಸ್ ಬರುವಾಗ ಮಡಗಾಂವ್‌ನಿಂದ ಸರಕು ಹುಡುಕುವ ಕೆಲಸವೂ ಆಫೀಸಿನದು. ಸೆಕ್ಷನ್ 3(3)ರ ಪರಂತುಕ (ಅದಕ್ಕೆ ಜೋಡಿಸಿದ ವಿನಾಯಿತಿಯ ಸಾಲು), ದಕ್ಷತೆ ಹೆಚ್ಚಿಸುವ ಜಂಟಿ ಉದ್ಯಮಕ್ಕೆ ವಿನಾಯಿತಿ ಕೊಡುತ್ತದೆ. ಅದು ನಿಲ್ಲಬೇಕಾದರೆ ಬಂಡವಾಳ ಮತ್ತು ನಷ್ಟ ನಿಜಕ್ಕೂ ಹಂಚಿಕೆಯಾಗಬೇಕು, ಸದಸ್ಯ ಹೊರಗೆ ದುಡಿಯಲು ಸ್ವತಂತ್ರನಿರಬೇಕು, ಬಂದರಿನ ಗಾಡಿಗಳಲ್ಲಿ ಅದರ ಪಾಲು ಸಣ್ಣದಿರಬೇಕು. ಐವತ್ತೂ ಗಾಡಿ ಸೇರಿದ್ದರೆ ಹಳೆಯ ಪಾಳಿಯೇ ಹೊಸ ವೇಷದಲ್ಲಿ ಬಂದಂತಾಗುತ್ತಿತ್ತು.

ಫಲಿತಾಂಶ

ನೋಟಿಸಿಗೆ ಉತ್ತರ ಎರಡೂವರೆ ಪುಟ. ಯಾವ ಠರಾವು ಯಾವಾಗ ರದ್ದಾಯಿತು, ಯಾರು ಬೇಕಾದರೂ ಯಾವ ಗಾಡಿಗೆ ಬೇಕಾದರೂ ನಿಗದಿತ ಕೂಲಿ ಕೊಟ್ಟು ಲೋಡು ಮಾಡಿಸಬಹುದು ಎಂಬ ಪ್ರಕಟಣೆಯ ಪ್ರತಿ, ಅದನ್ನು ಹರಾಜು ಕಟ್ಟೆಯಲ್ಲಿ ಅಂಟಿಸಿದ ಫೋಟೊ. ‘ತಪ್ಪಾಯಿತು’ ಎಂಬ ಮಾತಿಲ್ಲ, ಹಳೆಯದನ್ನು ಸಮರ್ಥಿಸುವ ಮಾತೂ ಇಲ್ಲ. ಮೀನಿನ ನಷ್ಟದ ಬಗ್ಗೆ ಮಾತುಕತೆಯಾಗಿ ಮಾಲೀಕರ ಕಡೆಯಿಂದ ಒಂದು ಮೊತ್ತ ಸಂದಾಯವಾಯಿತು, ಕಾರ್ಮಿಕರ ನಿಧಿಯಿಂದ ಅಲ್ಲ. ಖರೀದಿದಾರರು ಆಯೋಗಕ್ಕೆ ಹೋಗಲಿಲ್ಲ. ಹಾಗೆಂದು ಹಳೆಯದು ಅಳಿಸಿಹೋಗಲಿಲ್ಲ. 2023ರ ತಿದ್ದುಪಡಿಯ ನಂತರ ದೂರಿಗೆ ಮೂರು ವರ್ಷದ ಅವಧಿ ಇದೆ, ದೂರು ಕೊಡಲು ನೊಂದವರೇ ಆಗಬೇಕೆಂದೂ ಇಲ್ಲ.

ಲೋಡಿಂಗ್ ಕೂಲಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಮೂರು ಸುತ್ತಿನ ಮಾತುಕತೆಯಲ್ಲಿ ₹11.50ಕ್ಕೆ ಇತ್ಯರ್ಥವಾಯಿತು, ರಾತ್ರಿಯ ಒಂದೂವರೆ ಪಟ್ಟು ಹಾಗೇ ಸಿಕ್ಕಿತು. ಎರಡನೇ ಸುತ್ತಿನಲ್ಲಿ ಒಂದು ಸಣ್ಣ ಘಟನೆ. ಕೂಲಿಯ ಮಾತು ಮುಗಿದು ಚಹಾ ಬಂದಾಗ ಖರೀದಿದಾರರಲ್ಲಿ ಒಬ್ಬರು, ‘ಕೂಲಿ ಏರಿದ್ಮೇಲೆ ಹರಾಜಲ್ಲಿ ಬಂಗಡೆಗೆ ಇಷ್ಟರ ಮೇಲೆ ಯಾರೂ ಕೂಗೂದು ಬೇಡ’ ಎಂದು ಅಲ್ಲೇ ಶುರು ಮಾಡಿದರು. ಖರೀದಿ ದರದ ಕಾರ್ಟೆಲ್ ಕೂಡ ಅದೇ ಸೆಕ್ಷನ್ನಿಗೆ ಬೀಳುತ್ತದೆ. ಸಂಘದ ಕಾರ್ಯದರ್ಶಿ ಎದ್ದು ಹೊರಬಂದು, ತಾವು ಹೊರಟ ಸಮಯ ಮತ್ತು ಕಾರಣವನ್ನು ನಡಾವಳಿಯಲ್ಲಿ ಬರೆಸಿದರು. ಸುಮ್ಮನೆ ಕುಳಿತು ಕೇಳಿದವರೂ ನಾಳೆ ‘ಸಭೆಯಲ್ಲಿದ್ದವರು’ ಆಗುತ್ತಾರೆ.

ಗಾಡಿ ಬಾಡಿಗೆ ಮಾತ್ರ ಇಳಿಯಿತು. ಮೀನು ಕಡಿಮೆಯಿದ್ದ ವಾರಗಳಲ್ಲಿ ಮಡಗಾಂವ್ ಟ್ರಿಪ್ಪು ₹4,400ಕ್ಕೂ ಹೋಯಿತು. ಹೆಚ್ಚು ಗಾಡಿಯಿದ್ದವರು ತಡೆದುಕೊಂಡರು, ಒಂದು ಗಾಡಿಯವರಿಗೆ ಕಂತು ಕಟ್ಟುವುದು ಕಷ್ಟವಾಯಿತು, ಇಬ್ಬರು ಗಾಡಿ ಮಾರಿ ಸಂಬಳದ ಚಾಲಕರಾದರು. ಅದೇ ಸ್ಟಿಯರಿಂಗ್, ಅದೇ ರಸ್ತೆ. ಸಂಬಳದವನಾದರೆ ಒಟ್ಟಾಗಿ ಚೌಕಾಶಿ ಮಾಡಬಹುದು, ಸಾಲ ಮಾಡಿ ಗಾಡಿ ಕೊಂಡವನಾದರೆ ಅದು ಕಾರ್ಟೆಲ್. ಯುರೋಪಿಯನ್ ಒಕ್ಕೂಟ 2022ರಲ್ಲಿ, ಒಬ್ಬಂಟಿಯಾಗಿ ಸ್ವಂತ ದುಡಿಮೆ ಮಾಡುವ ಇಂಥವರ ಸಾಮೂಹಿಕ ಒಪ್ಪಂದಗಳಿಗೆ ಕೆಲವು ಸಂದರ್ಭಗಳಲ್ಲಿ ಜಾಗ ಮಾಡಿಕೊಡುವ ಮಾರ್ಗಸೂಚಿ ಹೊರಡಿಸಿದೆ. ನಮ್ಮಲ್ಲಿ ಅಂಥದ್ದಿಲ್ಲ. ಈ ಪ್ರಕರಣದಲ್ಲಿ ಕಾನೂನು ಪಾಲನೆಯಾಯಿತು, ಅದರ ಬೆಲೆ ತೆತ್ತವರು ಎಲ್ಲರಿಗಿಂತ ಸಣ್ಣವರು.

ಬೇರೆ ಸಂಘಗಳು ಗಮನಿಸಬೇಕಾದ್ದು

ಸದಸ್ಯರ ಪಟ್ಟಿಯಲ್ಲಿ ಪ್ರತಿಯೊಬ್ಬರ ಎದುರು ‘ಕೂಲಿ’, ‘ಸಂಬಳ’, ‘ಸ್ವಂತ ವ್ಯವಹಾರ’ ಎಂದು ಗುರುತು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಮೂರನೇ ಗುಂಪಿನವರು ಪದಾಧಿಕಾರಿಗಳಾಗಿದ್ದರೆ ದರದ ವಿಷಯ ಯಾವತ್ತಾದರೂ ನುಸುಳುತ್ತದೆ. ಶಿರಸಿಯ ಅಡಿಕೆ ಮಾರುಕಟ್ಟೆಯ ಹಮಾಲರಿಗೂ ಕಾರವಾರದ ಟ್ಯಾಂಕರ್ ಚಾಲಕರಿಗೂ ಇದೇ ಪರೀಕ್ಷೆ. ಕೆಲಸ ನಿಲ್ಲಿಸುವ ಠರಾವಿನಲ್ಲಿ ‘ಬೇಡಿಕೆ ಏನು, ಈಡೇರಿದರೆ ಯಾವ ಕಾರ್ಮಿಕನಿಗೆ ಏನು ಸಿಗುತ್ತದೆ’ ಎಂಬ ಸಾಲು ಇರಲೇಬೇಕು. ಆ ಸಾಲು ಬರೆಯಲು ತೋಚದಿದ್ದರೆ ಠರಾವು ಬೇರೆ ಯಾರದೋ ಲಾಭಕ್ಕೆ ಎಂದು ತಿಳಿಯಬೇಕು. 2025ರ ನವೆಂಬರ್ 21ರಿಂದ 1926ರ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ರಕ್ಷಣೆಗಳನ್ನು ಅದು ಹೆಚ್ಚೂಕಡಿಮೆ ಹಾಗೆಯೇ ಇಟ್ಟುಕೊಂಡಿದೆ, ಸ್ಪರ್ಧಾ ಕಾಯ್ದೆಯ ಪ್ರಶ್ನೆಯನ್ನು ಮುಟ್ಟಿಲ್ಲ.

ಮುಂದಿನ ಹಂಗಾಮಿನಲ್ಲಿ ಸಂಘಕ್ಕೆ ಹೊಸ ಅರ್ಜಿ ಬಂತು, ಬೋಟಿನ ಖಲಾಸಿಗಳದ್ದು. ಅವರಿಗೆ ಸಂಬಳವಿಲ್ಲ, ಹಿಡಿದ ಮೀನಿನಲ್ಲಿ ಪಾಲು. ಜೊತೆಗೆ ಬೋಟ್ ಮಾಲೀಕರೂ ಬಂದು, ತಾರ್ಲೆ ಮೀನಿಗೆ ಕನಿಷ್ಠ ದರ ಕಟ್ಟಿ ಅದಕ್ಕಿಂತ ಕಡಿಮೆಗೆ ಇಳಿಸದಿರೋಣ ಎಂದರು. ಅಮೆರಿಕದ ಪೆಸಿಫಿಕ್ ಕರಾವಳಿಯ ಮೀನುಗಾರರ ಸಂಘ 1942ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದೇ ಜಾಗದಲ್ಲಿ. ಮೀನು ಮಾರುವವರ ದರದ ಜಗಳ ವ್ಯಾಪಾರಿಗಳ ಜಗಳ, ಕಾರ್ಮಿಕ ವಿವಾದವಲ್ಲ ಎಂದಿತು ಕೋರ್ಟು. ಸಂಘ ಬೋಟ್ ಮಾಲೀಕರ ಅರ್ಜಿಯನ್ನು ಅಜೆಂಡಾಕ್ಕೆ ತರದೆ ಹಿಂದಿರುಗಿಸಿತು. ಖಲಾಸಿಗಳನ್ನು ಸದಸ್ಯರಾಗಿ ಸೇರಿಸಿಕೊಂಡಿತು, ಬೋಟ್ ಮಾಲೀಕನ ಜೊತೆ ಪಾಲಿನ ಪ್ರಮಾಣ, ಮುಂಗಡ ಮತ್ತು ವಿಮೆಯ ಬಗ್ಗೆ ಮಾತ್ರ ಸಂಘ ಮಾತಾಡುತ್ತದೆ, ಮೀನಿನ ದರದ ಬಗ್ಗೆ ಅಲ್ಲ ಎಂಬ ಷರತ್ತಿನ ಮೇಲೆ.